ನಾಲ್ವರು ಎತ್ತುವ ಬಂಡಿ

ರೈಲ್ವೆಯ ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಉಗಿಯಂತ್ರ. 1853ರಲ್ಲಿ ಮುಂಬಯಿಯಿಂದ ಠಾಣೆಗೆ, 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ ರೈಲು ಬಂದುದನ್ನು ಇಸವಿಸಹಿತ ನೆನೆಯುತ್ತೇವೆ. ಆದರೆ ರೈಲು ಒಂದು ದಿನ ಬಂದರೆ ಸಾಲದು; ದಿನವೂ ಬರಬೇಕು. ಅದಕ್ಕಾಗಿ ಹಳಿಯನ್ನು ಯಾರಾದರೂ ತಪ್ಪದೆ ನೋಡುತ್ತಿರಬೇಕು. ಆ ನೋಟಕ್ಕೆ ವಾಹನವಾದದ್ದು ಕೈಯಿಂದ ನೂಕುವ ಟ್ರಾಲಿ.

ಅದರ ರಚನೆ ಬಹು ಸರಳ. ನಾಲ್ಕು ಗಾಲಿ, ಒಂದು ಚೌಕಟ್ಟು, ಒಂದು ಆಸನ, ಒಂದು ಬ್ರೇಕು, ಬಿಸಿಲಿಗೊಂದು ಕೊಡೆ, ಅಪಾಯ ಸಾರಲು ಕೆಂಪು ಬಾವುಟ. ಅಮೆರಿಕದಲ್ಲಿ ಇದೇ ಕೆಲಸಕ್ಕಿದ್ದ ಬಂಡಿಯ ಮೇಲೆ ಆಳುಗಳು ನಿಂತು, ಏತದಂಥ ಸನ್ನೆಯನ್ನು ಏರಿಳಿಸುತ್ತಿದ್ದರು. ಹಲ್ಲುಚಕ್ರಗಳು ಆ ಬಲವನ್ನು ಗಾಲಿಗೆ ಮುಟ್ಟಿಸುತ್ತಿದ್ದವು. ನಮ್ಮ ಟ್ರಾಲಿಗೆ ಮನುಷ್ಯನ ಕಾಲೇ ಯಂತ್ರ. ಮೂರು ಅಂಗುಲ ಅಗಲವೂ ಇಲ್ಲದ ಹಳಿಯ ಮೇಲೆ ಇಬ್ಬರು ಓಡುತ್ತ ಅದನ್ನು ನೂಕುವರು. ವೇಗ ಬಂದೊಡನೆ ಹಿಂಬದಿಗೆ ಹಾರಿ ಕೂರುವರು. ವೇಗ ಕುಂದಿದೊಡನೆ ಇಳಿದು ಮತ್ತೆ ಓಡುವರು. ಮುಂದೆ ಕುಳಿತ ಇನ್‌ಸ್ಪೆಕ್ಟರ ಕಣ್ಣು ಹಳಿಯ ಬಿರುಕನ್ನು, ಸಡಿಲಿದ ಕೀಲನ್ನು, ಕುಸಿದ ಜಲ್ಲಿಯನ್ನು ಹುಡುಕುತ್ತಿರುವುದು.

ಆದರೆ ಅದೇ ಹಳಿಯ ಮೇಲೆ ರೈಲೂ ಬರುತ್ತದಲ್ಲವೆ? ಈ ಬಂಡಿಯ ಮರ್ಮವಿರುವುದು ಇಲ್ಲಿಯೇ. ಭಾರತೀಯ ರೈಲ್ವೆಯ 1976ರ ಸಾಮಾನ್ಯ ನಿಯಮಗಳು ಟ್ರಾಲಿಯ ಲಕ್ಷಣ ಹೇಳುವಾಗ ಕಿಲೋಗ್ರಾಮಿನ ಲೆಕ್ಕ ಹಿಡಿಯುವುದಿಲ್ಲ. ನಾಲ್ವರು ಹಳಿಯಿಂದ ಇಡಿಯಾಗಿ ಎತ್ತಿ ಹೊರಗಿಡಬಲ್ಲುದು ಟ್ರಾಲಿ. ಅಂಥದೇ ಆದರೂ ಅದಕ್ಕಿಂತ ಭಾರವಾದುದು, ರೈಲ್ವೆಯ ಪರಿಭಾಷೆಯಲ್ಲಿ, ಲಾರಿ. ತುರ್ತು ಸಂದರ್ಭವನ್ನುಳಿದು ಟ್ರಾಲಿಯ ಮೇಲೆ ಭಾರದ ಸಾಮಗ್ರಿಯನ್ನು ಹೇರಕೂಡದೆಂಬ ವಿಧಿಯೂ ಉಂಟು. ಹೀಗೆ ನಾಲ್ವರ ತೋಳೇ ಇಲ್ಲಿ ತಕ್ಕಡಿಯಾಯಿತು. ದೂರದಲ್ಲಿ ರೈಲಿನ ಸದ್ದು ಕೇಳಿದಾಗ ಆ ನಾಲ್ವರಲ್ಲಿ ಒಬ್ಬನ ಹಿಡಿತ ತಪ್ಪಿದರೂ ಕೇಡು ತಪ್ಪಿದ್ದಲ್ಲ.

ಬಯಲುಸೀಮೆಯಲ್ಲಿ ರೈಲು ದೂರದಿಂದಲೇ ಕಾಣುತ್ತದೆ. ಘಟ್ಟದ ಮಾತು ಬೇರೆ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮುಗಿದಾಗ, ಸಕಲೇಶಪುರದಿಂದ ಕೆಳಗೆ ತಿರುವಿನ ಮೇಲೆ ತಿರುವು, ಸುರಂಗದ ಮೇಲೆ ಸುರಂಗ. ಸುರಂಗದ ಕತ್ತಲೆಯಲ್ಲಿ ಬಾವುಟ ನಿರುಪಯೋಗಿ. ಅಲ್ಲಿ ಕೆಂಪು ದೀಪವೇ ಬೇಕು. ಉದ್ದದ ಸೇತುವೆಯ ಮೇಲೆ ಎತ್ತಿದ ಬಂಡಿಯನ್ನು ಇಡಲು ನೆಲವೇ ಇಲ್ಲ. ಆದ್ದರಿಂದಲೇ ಸೇತುವೆ ಕಟ್ಟುವವರು ಬದಿಯಲ್ಲಿ ಅಲ್ಲಲ್ಲಿ ಪುಟ್ಟ ಅಟ್ಟಗಳನ್ನು ಚಾಚಿ ನಿಲ್ಲಿಸಿದರು.

ಮುಂದೆ ಮೋಟಾರು ಟ್ರಾಲಿಗಳೂ ಹಳಿಯನ್ನು ಅಳೆಯುವ ಯಂತ್ರವಾಹನಗಳೂ ಬಂದವು. ಹಾದಿ ಹಾಕಿದ ಎಂಜಿನಿಯರುಗಳ ಹೆಸರನ್ನು ಚರಿತ್ರೆ ಉಳಿಸಿಕೊಂಡಿತು. ಹಳಿಯ ಮೇಲೆ ಓಡಿದವರಿಗೆ ನಿಯಮದ ಪುಸ್ತಕದಲ್ಲಿ ದೊರೆತದ್ದು ನಾಲ್ಕು ಎಂಬ ಎಣಿಕೆ ಮಾತ್ರ. ಮುಂದೊಮ್ಮೆ ರೈಲಿನಲ್ಲಿ ಹೊಳೆ ದಾಟುವಾಗ, ಕಿಟಕಿಯಾಚೆ ಆ ಅಟ್ಟಗಳಲ್ಲೊಂದು ಕಂಡರೆ, ಅದು ಅವರಿಗಾಗಿ ಕಟ್ಟಿದ್ದೆಂದು ನೆನೆಯೋಣ.