ಘಟ್ಟವಿಳಿದು ಬಂದ ಉಳುವ ಬಲ

ಮಂಗಳೂರಿನ ಪಂಪ್‌ವೆಲ್ ಎಂಬ ಸ್ಥಳವು ಇಂದು ಕೃಷಿಯ ಸ್ಮರಣೆಯನ್ನುಂಟುಮಾಡುವಂಥದಲ್ಲ. ಶಿರಾಡಿ ಘಟ್ಟವನ್ನಿಳಿದು ಪಡೀಲಿನ ಮಾರ್ಗವಾಗಿ ಬರುವ ವಾಹನಗಳು ಕಾಸರಗೋಡು–ಉಡುಪಿಗಳ ನಡುವಣ ಕರಾವಳಿಯ ಹೆದ್ದಾರಿಯನ್ನು ಕೂಡಿಕೊಳ್ಳುವ ಈ ಮಹಾವೀರ ವೃತ್ತದಲ್ಲಿ, ಬಹುಕಾಲ ಅಪೂರ್ಣವಾಗಿದ್ದು 2020ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟ ಮೇಲ್ಸೇತುವೆಯೇ ಈಗ ಕಣ್ಣಿಗೆ ಮೊದಲು ಬೀಳುವ ವಸ್ತು. ಆದರೂ ಕೊಯ್ಲಿನ ದಿನಗಳಲ್ಲಿ ಈ ಕೂಟದಲ್ಲಿ ಸ್ವಲ್ಪ ಹೊತ್ತು ನಿಂತವನಿಗೆ, ಬಾಡಿಗೆಯ ದುಡಿಮೆಗೆಂದು ಹೊರ ಸೀಮೆಗಳಿಂದ ಲಾರಿಗಳ ಮೇಲೆ ಬರುವ ಕಟಾವು ಯಂತ್ರಗಳು ಕಾಣಸಿಗುವುದುಂಟು. ದಕ್ಷಿಣ ಕನ್ನಡದ ಗದ್ದೆಗಳನ್ನು ಉತ್ತು ಹಸನುಗೊಳಿಸುವ ಬಲದ ಬಹುಭಾಗವು ಹೊರಗಿನಿಂದ, ವಿಶೇಷವಾಗಿ ಘಟ್ಟದ ಮೇಲಿನಿಂದ, ಬಂದುದೇ ಆಗಿದ್ದು, ಹಾಗೆ ಬಂದುದನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆಗೆ ಇಲ್ಲಿ ದೀರ್ಘವಾದ ಇತಿಹಾಸವಿದೆ. ಹಳೆಯ ಟ್ರ್ಯಾಕ್ಟರನ್ನು ಆರಿಸಿಕೊಳ್ಳುವ ಇಂದಿನ ರೈತನು ಅರಿತೋ ಅರಿಯದೆಯೋ ಆ ವಿದ್ಯೆಯ ಉತ್ತರಾಧಿಕಾರಿಯೇ ಆಗಿದ್ದಾನೆ.

ತೀವ್ರವಾದ ಮಳೆಯ ಈ ನಾಡಿನಲ್ಲಿ ಊರ ದನಗಳು ಗಾತ್ರದಲ್ಲಿ ಸಣ್ಣವು. ಕೆಸರಿನ ಗದ್ದೆಗೆ ಕೋಣಗಳೇ ಒಗ್ಗಿದವು. ಬಲವಾದ ಎತ್ತು ಬೇಕೆಂದವರು ಮೈಸೂರು ಸೀಮೆಯ ಕಡೆಗೆ ನೋಡಬೇಕಾಗಿದ್ದಿತು. ಸುಬ್ರಹ್ಮಣ್ಯದಲ್ಲಿ ಷಷ್ಠಿಯ ಕಾಲಕ್ಕೆ ಕೂಡುತ್ತಿದ್ದ ದನಗಳ ಜಾತ್ರೆಗೆ ಘಟ್ಟದ ಮೇಲಿನ ಎತ್ತುಗಳು ಇಳಿದು ಬರುತ್ತಿದ್ದುದು ಇದೇ ಕಾರಣದಿಂದ. ಅಲ್ಲಿ ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲನ್ನೆಣಿಸುತ್ತಿದ್ದನು; ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದುದೋ ಎಂಬುದರಿಂದ ಪ್ರಾಯ ತಿಳಿಯುತ್ತಿದ್ದಿತು. ತರುವಾಯ ಗೊರಸು, ಹೆಗಲಿನ ಗಾಯದ ಕಲೆ, ಮೈಮೇಲಿನ ಸುಳಿ, ನಡಿಗೆಯ ಓರೆ. ಕಟ್ಟಕಡೆಗೆ ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಸೂಚಿಸುವ ಪದ್ಧತಿಯು ಕನ್ನಡನಾಡಿನ ದನದ ಜಾತ್ರೆಗಳಿಗೆಲ್ಲ ಸಮಾನವಾದುದು. ಸುಳಿಯ ಶಾಸ್ತ್ರವನ್ನು ನಂಬದಿದ್ದವರೂ ಹೆಗಲಿನ ಕಲೆಯನ್ನು ಅಲಕ್ಷಿಸುತ್ತಿರಲಿಲ್ಲ. ಏಕೆಂದರೆ ಪ್ರಾಣಿಯು ಹಿಂದೆ ಯಾವ ಬಗೆಯ ದುಡಿಮೆಯನ್ನು ಮಾಡಿತ್ತೆಂಬುದರ ಲಿಖಿತವು ಅಲ್ಲಿದ್ದಿತು.

ಟ್ರ್ಯಾಕ್ಟರಿನ ಕಥೆಗೆ ಬಂದರೆ, ಸ್ವತಂತ್ರ ಭಾರತದ ದೊಡ್ಡ ಪ್ರಯೋಗವು ಹಳೆಯ ಯಂತ್ರಗಳಿಂದಲೇ ಆರಂಭವಾಯಿತೆಂಬುದು ಗಮನಾರ್ಹವಾದ ಸಂಗತಿ. 1947ರಲ್ಲಿ ಸ್ಥಾಪಿತವಾದ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು, ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಸೈನ್ಯವು ಇಲ್ಲಿ ಬಿಟ್ಟುಹೋದ ಯಂತ್ರಗಳನ್ನು ದುರಸ್ತಿಗೊಳಿಸಿ, ಮಧ್ಯ ಭಾರತದ ಬಯಲುಗಳಲ್ಲಿ ಆಳವಾಗಿ ಬೇರೂರಿದ್ದ ಕಾಂಸ್ ಎಂಬ ಹುಲ್ಲನ್ನು ಕಿತ್ತು ಭೂಮಿಯನ್ನು ಸಾಗುವಳಿಗೆ ತರಲು ತೊಡಗಿತು. ಹೊಸ ಯಂತ್ರಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರುಗಳ ಸಾಲವು ದೊರೆಯಿತು. ಮಧ್ಯಪ್ರದೇಶದ ಬುದನಿಯಲ್ಲಿ 1955ರಲ್ಲಿ ಟ್ರ್ಯಾಕ್ಟರ್ ಶಿಕ್ಷಣ ಕೇಂದ್ರವು ಸ್ಥಾಪಿತವಾಗಿ, ಮುಂದೆ ಯಂತ್ರಗಳ ಪರೀಕ್ಷೆಗೂ ಅದೇ ಪೀಠವಾಯಿತು. 1959ರಲ್ಲಿ ಫರೀದಾಬಾದಿನಿಂದ ಐಷರ್ ಸಂಸ್ಥೆಯ ಟ್ರ್ಯಾಕ್ಟರು ಹೊರಬಂದಿತು. ಬಳಿಕ ಕೆಲವೇ ವರ್ಷಗಳಲ್ಲಿ ಮದರಾಸಿನ ಟಾಫೆ, ಎಸ್ಕಾರ್ಟ್ಸ್, ಮಹೀಂದ್ರಾ ಮೊದಲಾದವು ಬಂದವು. ಆದರೂ ಬೇಡಿಕೆಯು ಉತ್ಪಾದನೆಯನ್ನು ಮೀರಿದ್ದರಿಂದ, ಹೆಸರು ನೋಂದಾಯಿಸಿ ಸರದಿಗಾಗಿ ಕಾಯಬೇಕಾದ ಕಾಲವೂ ಒಂದಿದ್ದಿತು. 1971ರಲ್ಲಿ ಸರ್ಕಾರವು ಟ್ರ್ಯಾಕ್ಟರುಗಳ ವಿತರಣೆ ಮತ್ತು ಮಾರಾಟವನ್ನು ನಿಯಂತ್ರಿಸುವ ಆಜ್ಞೆಯನ್ನೇ ಹೊರಡಿಸಿತು. ಅಂಥ ಕಾಲದಲ್ಲಿ ಬಳಸಿದ ಯಂತ್ರಕ್ಕೂ ಗೌರವವಿದ್ದುದು ಸಹಜವೇ.

ಕರಾವಳಿಯ ಸ್ಥಿತಿಯು ಇದಕ್ಕಿಂತ ಭಿನ್ನವಾಗಿದ್ದಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ 1969ರಲ್ಲಿ ರಾಷ್ಟ್ರೀಕೃತವಾಗಿ ಕೃಷಿಗೆ ಸಾಲ ನೀಡುವುದನ್ನು ಆದ್ಯ ಕರ್ತವ್ಯವನ್ನಾಗಿ ಕೈಗೊಂಡವು. ತುಂಗಭದ್ರೆಯ ನೀರು ಹರಿದ ಬಯಲುಸೀಮೆಗಳಲ್ಲಿ ಟ್ರ್ಯಾಕ್ಟರುಗಳು ಬೆಳೆಯುತ್ತ ಹೋದವು. ಆದರೆ ಆ ಬ್ಯಾಂಕುಗಳ ತವರಿನ ಗದ್ದೆಗಳೇ ಟ್ರ್ಯಾಕ್ಟರಿಗೆ ತಿರುಗಲು ಎಡೆಯಿಲ್ಲದಷ್ಟು ಕಿರಿದಾಗಿದ್ದವು. ಬೆಟ್ಟು, ಮಜಲು, ಬೈಲು ಎಂದು ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಭೂಮಿ. ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ಒಂದರ ಕೊಯ್ಲಿಗೂ ಇನ್ನೊಂದರ ನಾಟಿಗೂ ನಡುವೆ ಕೆಲವೇ ದಿನಗಳ ಅವಕಾಶ. 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣೆಯ ಶಾಸನದಿಂದ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಹಿಡುವಳಿಗಳು ಚಿಕ್ಕವಾಗಿಯೇ ಉಳಿದವು. ಆದುದರಿಂದ ಜಪಾನಿನ ಮಿಟ್ಸುಬಿಶಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯ ಪವರ್ ಟಿಲ್ಲರೂ, ಕೇರಳದ ಅತ್ತಾಣಿಯಲ್ಲಿ 1973ರಲ್ಲಿ ಸ್ಥಾಪಿತವಾದ ಕಾಮ್ಕೋ ಸಂಸ್ಥೆಯ ಟಿಲ್ಲರೂ ಇಲ್ಲಿ ಕೋಣಗಳ ಸ್ಥಾನಕ್ಕೆ ಬಂದವು. ಅಡಿಕೆಯ ತೋಟದಲ್ಲಿ ಗಿಡಕ್ಕೂ ಗಿಡಕ್ಕೂ ಶಿಫಾರಸಾದ ಅಂತರವು 2.7 ಮೀಟರು ಮಾತ್ರವಾದುದರಿಂದ, ಅಲ್ಲಿಗೂ ಅಗಲ ಕಡಮೆಯಾದ ಯಂತ್ರವೇ ಬೇಕು.

ಹೀಗಾಗಿ ಕರಾವಳಿಯಲ್ಲಿ ಪೂರ್ಣ ಗಾತ್ರದ ಟ್ರ್ಯಾಕ್ಟರನ್ನು ಕೊಳ್ಳುವ ರೈತನಿಗೆ ವರ್ಷದಲ್ಲಿ ದೊರೆಯುವ ಕೆಲಸವು ಅಲ್ಪ. ಹೊಸದಕ್ಕೆ ಸುರಿದ ಹಣವು ಆ ಅಲ್ಪ ಕೆಲಸದಿಂದ ಹಿಂತಿರುಗುವುದು ಕಷ್ಟ. ಬಳಸಿದ ಯಂತ್ರವು ಅವನಿಗೆ ಸಮಂಜಸವೆನಿಸುವುದು ಇದರಿಂದಲೇ. ಹಲ್ಲನ್ನೆಣಿಸುತ್ತಿದ್ದ ಅಜ್ಜನ ಸ್ಥಾನದಲ್ಲಿ ನಿಂತ ಮೊಮ್ಮಗನು ಮೊದಲು ನೋಡಬೇಕಾದುದು ನಂಬರ್ ಪ್ಲೇಟನ್ನು. ಕೆಎ 34 ಎಂದರೆ ಬಳ್ಳಾರಿ, 36 ಎಂದರೆ ರಾಯಚೂರು, 17 ದಾವಣಗೆರೆ, 14 ಶಿವಮೊಗ್ಗ, 21 ಪುತ್ತೂರು. ಮೊದಲ ನೋಂದಣಿಯು ಎಲ್ಲಾಯಿತೆಂಬುದು ಇದರಿಂದ ತಿಳಿದರೆ, ಯಂತ್ರವು ಎರೆಮಣ್ಣಿನಲ್ಲಿ ಹೊರೆ ಎಳೆದುದೋ, ಕೆಸರಿನಲ್ಲಿ ಓಡಾಡಿದುದೋ ಎಂದು ಕೇಳುವುದಕ್ಕೆ ದಾರಿಯಾಗುತ್ತದೆ. ಓಡಿದ ಗಂಟೆಗಳನ್ನು ತೋರಿಸುವ ಮೀಟರನ್ನು ಮಾತ್ರ ಸಂಪೂರ್ಣವಾಗಿ ನಂಬಲಾಗದು. ಅದರ ಕೇಬಲ್ಲನ್ನು ಕಳಚಿಟ್ಟರೆ ಅದು ಮೌನ ತಾಳುತ್ತದೆ. ಕ್ಲಚ್ ಪೆಡಲಿನ ಸವೆತ, ಸ್ಟಿಯರಿಂಗಿನ ಹಿಡಿಯ ನುಣುಪು, ಟ್ರೈಲರನ್ನು ಕಟ್ಟುವ ತೂತು ದುಂಡಗಿರುವುದನ್ನು ಬಿಟ್ಟು ಅಂಡಾಕಾರ ತಾಳಿರುವುದು, ಇವು ಹೆಗಲಿನ ಕಲೆಯಂತೆ ಸುಳ್ಳಾಡಲಾರವು.

ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಮಾರುವವನು ಮೊದಲೇ ಬಿಸಿಮಾಡಿಟ್ಟಿದ್ದರೆ ಅದು ಸಂಶಯಕ್ಕೆ ಎಡೆ. ಹೊಗೆಯು ನೀಲಿಯಾದರೆ ಎಂಜಿನ್ ಎಣ್ಣೆಯು ಉರಿಯುತ್ತಿದೆಯೆಂದೂ, ಬ್ರೀದರ್ ಕೊಳವೆಯಿಂದ ಹಬೆಯು ಒತ್ತಿ ಬರುತ್ತಿದ್ದರೆ ಪಿಸ್ಟನ್ ಉಂಗುರಗಳು ಸವೆದಿರಬಹುದೆಂದೂ ತಿಳಿಯತಕ್ಕದ್ದು. ಹೈಡ್ರಾಲಿಕ್ ತೋಳುಗಳಿಗೆ ಉಪಕರಣವನ್ನು ಕಟ್ಟಿ ಎತ್ತಿಸಿ, ಎಂಜಿನ್ನನ್ನು ನಿಲ್ಲಿಸಿ, ಭಾರವು ಎಷ್ಟು ಬೇಗ ಇಳಿಯುವುದೆಂದು ನೋಡುವುದು ಇನ್ನೊಂದು ಪರೀಕ್ಷೆ. ಗದ್ದೆಯಲ್ಲಿ ಕಬ್ಬಿಣದ ಕೇಜ್ ವೀಲ್ ಕಟ್ಟಿ ಓಡಿಸಿದ ಯಂತ್ರದ ವಿಶೇಷ ದೋಷವು ಹೊರಗೆ ಕಾಣುವಂಥದಲ್ಲ. ಕೆಸರುನೀರು ಸೀಲುಗಳನ್ನು ದಾಟಿ ಒಳಸೇರಿದ್ದರೆ ಹಿಂದಿನ ಆಕ್ಸಲಿನ ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ಆದ್ದರಿಂದ ಅದರ ಒಂದು ತೊಟ್ಟನ್ನಾದರೂ ತೆಗೆಸಿ ನೋಡದೆ ಮುಂಗಡ ಕೊಡಬಾರದು. ಕರಾವಳಿಯ ಉಪ್ಪುಗಾಳಿಗೆ ಹಿಡಿದ ತುಕ್ಕನ್ನು ಹೊಸ ಬಣ್ಣವು ಮರೆಸಬಲ್ಲದೆಂಬುದನ್ನೂ ನೆನಪಿನಲ್ಲಿಡಬೇಕು.

ಹೆಸರುವಾಸಿಯಾದ ಯಂತ್ರವೆಂದ ಮಾತ್ರಕ್ಕೆ ಭರವಸೆಯಿಡುವುದೂ ಯುಕ್ತವಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕನ್ನಡಿಗರ ಅಭಿಮಾನಕ್ಕೆ ಪಾತ್ರವಾದ ಎಚ್.ಎಂ.ಟಿ. ಸಂಸ್ಥೆಯು ಪಿಂಜೋರಿನಲ್ಲಿ 1971ರಿಂದ ಜೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನು ನಿರ್ಮಿಸಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟವು ನಿರ್ಣಯಿಸಿತು. ಯಂತ್ರವು ಗಟ್ಟಿಯಾಗಿದ್ದರೂ ಬಿಡಿಭಾಗಗಳು ಹತ್ತಿರದ ಪೇಟೆಯಲ್ಲಿ ಸಿಕ್ಕುವವೇ, ಅದರ ಗೇರ್‌ಬಾಕ್ಸನ್ನು ಬಿಚ್ಚಬಲ್ಲ ಮೆಕ್ಯಾನಿಕ್ಕನು ಊರಿನಲ್ಲಿರುವನೇ ಎಂಬುದೇ ಮುಖ್ಯವಾದ ಪ್ರಶ್ನೆ. ಅಂತೆಯೇ ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಅಡಮಾನವು ನಮೂದಾಗಿದ್ದರೆ, ಸಾಲ ತೀರಿತೆಂಬ ನಮೂನೆ 35ನ್ನೂ ವರ್ಗಾವಣೆಯ 29, 30ನೆಯ ನಮೂನೆಗಳನ್ನೂ ಕೈಗೆ ಪಡೆಯದೆ ಹಣವನ್ನು ಪೂರ್ತಿ ಎಣಿಸಬಾರದು. ಟ್ರೈಲರಿಗೆ ಪ್ರತ್ಯೇಕ ನೋಂದಣಿಯುಂಟೆಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಪರೀಕ್ಷೆಗಳ ಬಳಿಕವೂ ಕೊಳ್ಳುವುದೇ ವಿವೇಕವೇ ಎಂಬ ಪ್ರಶ್ನೆ ಉಳಿಯುತ್ತದೆ. ರಾಜ್ಯ ಸರ್ಕಾರವು 2014ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿ ಅನೇಕವನ್ನು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ನಡೆಸುತ್ತ ಬಂದಿದೆ. ಬಾಡಿಗೆಗೆ ದೊರೆಯುವ ಯಂತ್ರವು ಅಗ್ಗವೇ ಸರಿ. ಆದರೆ ಮುಂಗಾರು ಹಿಡಿದ ವಾರದಲ್ಲಿ ಎಲ್ಲರ ಗದ್ದೆಗೂ ಒಂದೇ ದಿನ ಯಂತ್ರ ಬೇಕಾಗುತ್ತದೆ. ಆ ವಾರದಲ್ಲಿ ಕೆಟ್ಟು ನಿಂತ ಸ್ವಂತ ಟ್ರ್ಯಾಕ್ಟರೂ, ಸರದಿಯಲ್ಲಿ ಬಾರದ ಬಾಡಿಗೆಯ ಟ್ರ್ಯಾಕ್ಟರೂ ರೈತನಿಗೆ ಸಮಾನವಾದ ನಷ್ಟವನ್ನೇ ತರುತ್ತವೆ. ಆದುದರಿಂದ ನಾಲ್ಕಾರು ನೆರೆಯ ಹಿಡುವಳಿಗಳ ಕೆಲಸವನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು, ಅದಕ್ಕೆ ಸಾಲುವಷ್ಟು ಬಲದ, ಊರಿನ ಮೆಕ್ಯಾನಿಕ್ಕನಿಗೆ ಪರಿಚಿತವಾದ ಯಂತ್ರವೊಂದನ್ನು, ಹೊಸ ಟಯರು ಮತ್ತು ಮೊದಲ ದುರಸ್ತಿಯ ವೆಚ್ಚವನ್ನೂ ಬೆಲೆಯೊಡನೆ ಕೂಡಿಸಿ ಲೆಕ್ಕ ಹಾಕಿ ಕೊಳ್ಳುವವನೇ ನಿಜವಾಗಿ ಅಗ್ಗವಾಗಿ ಕೊಂಡವನು. ಸುಬ್ರಹ್ಮಣ್ಯದ ಜಾತ್ರೆಯಿಂದ ಎತ್ತು ತಂದವನಾದರೂ ಮುಂದಿನ ಮಳೆಗಾಲದ ಹುಲ್ಲನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬೆಲೆ ಹೇಳಿದ್ದನು.