ಮಾಗಿಯ ಮಂಕು, ಹೆಬ್ಬಾಳದ ಅವರೆ

ಬೆಂಗಳೂರಿನ ಉತ್ತರ ಸೆರಗಿನ ಊರುಗಳಲ್ಲಿ ಚಳಿಗಾಲಕ್ಕೆ ಮಾಗಿ ಎಂದು ಹೆಸರು. ಯಲಹಂಕ, ಜಕ್ಕೂರು, ಹೆಬ್ಬಾಳಗಳ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾರ್ತಿಕ ಕಳೆದ ಮೇಲೆ ಕೆರೆಗಳ ಮೇಲೆ ಮಂಜು ಕವಿದು, ಹೊತ್ತೇರಿದರೂ ಕರಗದ ದಿನಗಳುಂಟು. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್, ಬೆಂಗಳೂರು ಕಂಡ ಅತಿ ಕಡಿಮೆ ಉಷ್ಣಾಂಶ. ಇಂಥ ದಿನಗಳ ಜಡ, ಮೈಭಾರ, ಮಂಕುಗಳಿಗೆ ಇಲ್ಲಿ ಪ್ರತ್ಯೇಕ ಔಷಧ ಇರಲಿಲ್ಲ. ಹೊಲ, ಅಡುಗೆಮನೆ, ಬಚ್ಚಲು, ದೇವಸ್ಥಾನ ಇವುಗಳ ನಡುವೆ ಹರಡಿಕೊಂಡ ಒಂದು ನಡಾವಳಿ ಇತ್ತು.

ಚಳಿಗಾಲದ ಖಿನ್ನತೆ ಎಂಬ ವೈದ್ಯಕೀಯ ಹೆಸರು ಈಚಿನದು. ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ಅಮೆರಿಕದಲ್ಲಿ ಅದನ್ನು ಮೊದಲ ಬಾರಿಗೆ ವಿವರಿಸಿದರು. ಹಗಲು ಕುಗ್ಗಿದಂತೆ ಕೆಲವರಿಗೆ ನಿದ್ದೆ ಹೆಚ್ಚುತ್ತದೆ, ಸಿಹಿ ಮತ್ತು ಹಿಟ್ಟಿನ ಪದಾರ್ಥಗಳ ಮೇಲೆ ಆಸೆಯಾಗುತ್ತದೆ, ಜನರ ಸಹವಾಸ ಬೇಡವೆನಿಸುತ್ತದೆ. ವಸಂತ ಬಂದಾಗ ಇದೆಲ್ಲ ತಾನಾಗಿ ಸರಿಯಾಗುತ್ತದೆ. ಬೆಳಗಿನ ಹೊತ್ತು ಪ್ರಖರ ಬೆಳಕಿಗೆ ಕೂರಿಸುವುದು ಅದಕ್ಕೆ ಒಪ್ಪಿತವಾದ ಚಿಕಿತ್ಸೆಗಳಲ್ಲಿ ಒಂದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇಲ್ಲಿ 11 ಗಂಟೆ 20 ನಿಮಿಷಗಳಷ್ಟು ಉದ್ದವಿದೆ. ಜೂನಿನ ಹಗಲಿಗೂ ಇದಕ್ಕೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಆದ್ದರಿಂದ ಉತ್ತರ ಯುರೋಪಿನ ಕತ್ತಲೆಯ ಕಾಯಿಲೆಯನ್ನು ಹಾಗೆಯೇ ಯಲಹಂಕಕ್ಕೆ ತಂದು ಹಚ್ಚುವುದು ಸರಿಯಲ್ಲ. ಇಲ್ಲಿನ ಮಾಗಿಯ ತೊಂದರೆ ಮುಖ್ಯವಾಗಿ ಒಣ ಚಳಿಯದು, ಮೋಡ ಮಂಜುಗಳದು, ಹೊರಗೆ ಕಾಲಿಡಲು ಮನಸ್ಸಾಗದ ಬೆಳಗಿನದು.

ಭಾರತದ ಹಳೆಯ ವೈದ್ಯಗ್ರಂಥಗಳು ಹೇಮಂತವನ್ನು ದುರ್ಬಲ ಕಾಲವೆಂದು ನೋಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಚರಕಸಂಹಿತೆಯ ಸೂತ್ರಸ್ಥಾನದ ಪ್ರಕಾರ ಚಳಿ ಹೊರಗಿನಿಂದ ಒತ್ತುವುದರಿಂದ ಹೊಟ್ಟೆಯ ಅಗ್ನಿ ಒಳಗೇ ಬಲಗೊಳ್ಳುತ್ತದೆ. ಆ ಅಗ್ನಿಗೆ ತಕ್ಕ ಆಹಾರ ಬೀಳದಿದ್ದರೆ ಅದು ದೇಹದ ರಸವನ್ನೇ ಸುಡುತ್ತದೆ, ಆಗ ವಾತ ಕೆರಳುತ್ತದೆ. ಅದೇ ಗ್ರಂಥ ಎಣಿಸುವ 80 ವಾತವಿಕಾರಗಳಲ್ಲಿ ನಿದ್ದೆಗೇಡು, ಚಿತ್ತಚಾಂಚಲ್ಯಗಳ ಜೊತೆಗೆ ವಿಷಾದವೂ ಸೇರಿದೆ. ಅಂದರೆ ಚಳಿಗಾಲದಲ್ಲಿ ಹೊಟ್ಟೆ ತುಂಬ ಜಿಡ್ಡಿನ ಊಟ ಮಾಡುವುದಕ್ಕೂ ಮನಸ್ಸು ಕುಸಿಯದಿರುವುದಕ್ಕೂ ನಂಟಿದೆ ಎಂದಾಯಿತು. ವಾಗ್ಭಟನ ಅಷ್ಟಾಂಗಹೃದಯ ಇನ್ನಷ್ಟು ಬಿಡಿಸಿ ಹೇಳುತ್ತದೆ: ರಾತ್ರಿ ಉದ್ದವಾದ್ದರಿಂದ ಬೆಳಗಾಗುವಾಗಲೇ ಹಸಿವಾಗುತ್ತದೆ; ಎಣ್ಣೆ ಹಚ್ಚಿಕೊಳ್ಳಬೇಕು, ಬಲ್ಲವರೊಡನೆ ಕುಸ್ತಿ ಮಾಡಬೇಕು, ಹಿತಮಿತವಾಗಿ ಬಿಸಿಲು ಕಾಯಿಸಬೇಕು, ಕಾಲಿಗೆ ಮೆಟ್ಟು ಬಿಡಬಾರದು.

ಚೀನಾದ ವೈದ್ಯ ಪರಂಪರೆಯಲ್ಲೂ ಋತುವಿಗೆ ತಕ್ಕ ಬದುಕಿನ ವಿಚಾರ ಅಷ್ಟೇ ಹಳೆಯದು. ಸುಮಾರು ಎರಡು ಸಾವಿರ ವರ್ಷ ಹಿಂದಿನ ‘ಹುವಾಂಗ್‌ದಿ ನೇಜಿಂಗ್’ ಚಳಿಗಾಲದ ಮೂರು ತಿಂಗಳನ್ನು ಮುಚ್ಚಿ ಕೂಡಿಡುವ ಕಾಲವೆಂದು ಕರೆಯುತ್ತದೆ. ಬೇಗ ಮಲಗಿ, ಬಿಸಿಲು ಬಂದ ಮೇಲೆ ಏಳಬೇಕೆಂಬುದು ಅದರ ವಿಧಿ. ಶುಂಠಿ ಹಾಕಿದ ಕುರಿಮಾಂಸದ ಸಾರು ಅಲ್ಲಿನ ಚಳಿಗಾಲದ ಹೆಸರಾಂತ ಪಥ್ಯ. ಹಸಿ ಅವರೆಕಾಳು ಹಾಕಿದ ಮಟನ್ ಸಾರು, ಮೆಣಸು ಖಾರದ ಕಾಲು ಸೂಪು ಮಾಡುವ ಇಲ್ಲಿನ ಮನೆಗಳಿಗೆ ಆ ಪಥ್ಯ ಅಪರಿಚಿತವೆನಿಸದು. ಏಳುವ ಹೊತ್ತಿನ ವಿಷಯದಲ್ಲಿ ಮಾತ್ರ ಎರಡೂ ಕಡೆಯ ದಾರಿ ಬೇರೆ. ಹಿಮ ಬೀಳುವ ನಾಡಿನ ವೈದ್ಯ ಬಿಸಿಲಿಗೆ ಕಾಯಿರಿ ಎಂದರೆ, ಇಲ್ಲಿನ ಧನುರ್ಮಾಸದ ಪೂಜೆ ನಕ್ಷತ್ರ ಇರುವಾಗಲೇ ಎಬ್ಬಿಸುತ್ತದೆ.

ಈ ಸೀಮೆಯ ಮಾಗಿಯ ಊಟಕ್ಕೆ ಶಾಸ್ತ್ರಕ್ಕಿಂತ ಹೊಲವೇ ಮೊದಲ ಗುರು. ಬೆಂಗಳೂರು ಸುತ್ತಿನ ಕೆಂಪು ಮಣ್ಣಿನಲ್ಲಿ ಮುಂಗಾರಿನ ರಾಗಿಯ ನಡುವೆ ಅಕ್ಕಡಿ ಸಾಲು ಬಿಡುವ ಪದ್ಧತಿ. ರಾಗಿಯ ಇಷ್ಟಿಷ್ಟು ಸಾಲಿಗೆ ಒಂದೊಂದು ಸಾಲಿನಂತೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಬೀಳುತ್ತಿದ್ದವು. ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಹೊಲ ಬರಿದಾಗುತ್ತಿರಲಿಲ್ಲ. ಅಲ್ಲಿಯವರೆಗೆ ರಾಗಿಯ ನೆರಳಲ್ಲಿದ್ದ ಅವರೆ ಕೂಳೆಯ ಮೇಲೆ ಹಬ್ಬಿ ಹೂ ತುಂಬಿಕೊಳ್ಳುತ್ತಿತ್ತು. ನಾಟಿ ಅವರೆಯ ಗುಣವೇ ಅದು. ಆಷಾಢ ಶ್ರಾವಣಗಳಲ್ಲಿ ಬಿತ್ತಿದರೂ ಹಗಲು ಕುಗ್ಗತೊಡಗುವವರೆಗೆ ಬಳ್ಳಿಯೇ ಬೆಳೆಯುತ್ತದೆ. ರಾತ್ರಿ ಉದ್ದವಾದಾಗ ಹೂ ಬಿಡುತ್ತದೆ. ಹೀಗೆ ಉತ್ತರದ ನಾಡುಗಳಲ್ಲಿ ಮನಸ್ಸನ್ನು ಮಂಕು ಮಾಡುವ ಕುಗ್ಗುವ ಹಗಲು ಇಲ್ಲಿ ಗಿಡಕ್ಕೆ ಕಾಯಿ ಕಟ್ಟುವ ಸೂಚನೆಯಾಗಿತ್ತು. ಕಾಯಿಯ ಸಿಪ್ಪೆಯ ಮೇಲೆ ಕೈಗಂಟುವ ಜಿಡ್ಡೇ ಸೊಗಡು. ಮಂಜು ಬಿದ್ದಷ್ಟೂ ಸೊಗಡು ಎನ್ನುವುದು ಬೆಳೆಗಾರರ ಮಾತು.

ಡಿಸೆಂಬರ್ ಜನವರಿಗಳಲ್ಲಿ ಅವರೆ ಒಂದು ತರಕಾರಿಯಾಗಿ ಉಳಿಯುತ್ತಿರಲಿಲ್ಲ, ಮನೆಯ ದಿನಚರಿಯಾಗುತ್ತಿತ್ತು. ಕಾಳನ್ನು ನೆನೆಸಿ, ಸಿಪ್ಪೆ ಹಿಸುಕಿ ಹಿದುಕಿದ ಬೇಳೆ ಮಾಡುವುದು ಗಂಟೆಗಟ್ಟಲೆಯ ಕೆಲಸ, ಒಬ್ಬರಿಂದ ಆಗದು. ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಮೊರದ ಸುತ್ತ ಕೂತು ಕಾಳು ಬಿಡಿಸುತ್ತಿದ್ದ ಆ ಸಂಜೆಗಳಿಗೆ ಸಾರಿಗಿಂತ ಹೆಚ್ಚಿನ ಬೆಲೆಯಿದೆ. ಜನರಿಂದ ದೂರ ಸರಿದು ಮುದುಡಿಕೊಳ್ಳುವುದೇ ಖಿನ್ನತೆಯ ಮೊದಲ ಗುರುತಾದರೆ, ಅವರೆ ಅದಕ್ಕೆ ಎಡೆ ಕೊಡುತ್ತಿರಲಿಲ್ಲ.

ಅವರೆಗೂ ಹೆಬ್ಬಾಳಕ್ಕೂ ಇರುವ ನಂಟು ವಿಜ್ಞಾನದ ಇತಿಹಾಸದಲ್ಲೂ ಇದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಇಲ್ಲಿ 30 ಎಕರೆ ಜಮೀನು ಕೊಟ್ಟು ಪ್ರಯೋಗಕ್ಷೇತ್ರ ತೆರೆಸಿದರು, ವಿಜ್ಞಾನಿ ಡಾ. ಲೆಹ್ಮನ್ ಮಣ್ಣು ಮತ್ತು ಬೆಳೆಗಳ ಸಂಶೋಧನೆ ಆರಂಭಿಸಿದರು. 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದವು. ಅಲ್ಲಿನ ತಳಿವಿಜ್ಞಾನಿಗಳು ರೂಪಿಸಿದ ‘ಹೆಬ್ಬಾಳ ಅವರೆ’ ಸರಣಿಯ ತಳಿಗಳಲ್ಲಿ ಹೆಬ್ಬಾಳ ಅವರೆ-3 ಮುಖ್ಯವಾದುದು. ಅದು ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ಗಿಡ್ಡ ತಳಿ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಫಸಲು ಕೊಡುತ್ತದೆ. ರೈತನಿಗೆ ಇದು ನಿಜವಾದ ಉಪಕಾರ. ಅದರ ಜೊತೆಗೆ ಋತುವಿಗೂ ಊಟಕ್ಕೂ ಇದ್ದ ಗಂಟು ಸಡಿಲವಾಯಿತು ಎಂಬುದೂ ನಿಜ. ಆಗಸ್ಟಿನಲ್ಲೂ ಸಿಗುವ ಅವರೆಗೆ ಮಾಗಿಯನ್ನು ಎದುರುಗೊಳ್ಳುವ ಸಂಭ್ರಮ ಅಂಟಿಕೊಳ್ಳುವುದಿಲ್ಲ.

ಎಣ್ಣೆಯ ಸಂಗತಿಯೂ ಹೊಲದಿಂದ ಹೊರಟು ಬಚ್ಚಲಿಗೆ ಬರುತ್ತದೆ. ವಾತಕ್ಕೆ ಎಳ್ಳೆಣ್ಣೆ ಮೇಲು ಎಂಬುದು ಆಯುರ್ವೇದದ ಹಳೆಯ ಮಾತು. ಹಂಡೆಯ ಬಿಸಿನೀರಿನ ಎಣ್ಣೆಸ್ನಾನ ದೀಪಾವಳಿಯ ನರಕ ಚತುರ್ದಶಿಗೆ ಮೊದಲಾಗಿ ಸಂಕ್ರಾಂತಿಯವರೆಗೂ ಮತ್ತೆ ಮತ್ತೆ ಬರುತ್ತದೆ. ಸಂಕ್ರಾಂತಿಯಲ್ಲಿ ಎಳ್ಳು, ಬೆಲ್ಲ, ಒಣಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಕೂಡುತ್ತವೆ. ಕೊಬ್ಬು, ಸಿಹಿ, ಬೇಳೆಯ ಸತ್ವ ಒಂದೇ ಹಿಡಿಯಲ್ಲಿ. ಹೆಣ್ಣುಮಕ್ಕಳು ಅದನ್ನು ಸಕ್ಕರೆ ಅಚ್ಚು, ಕಬ್ಬಿನ ಜೊತೆ ಮನೆಮನೆಗೆ ಬೀರುತ್ತಾರೆ. ಎಳ್ಳು ಬೀರಲು ಹೋಗದ ಮನೆ, ಎಳ್ಳು ಬಾರದ ಮನೆ ಇರಬಾರದೆಂಬುದು ಆ ಹಬ್ಬದ ಒಳಗಿನ ಕಟ್ಟಲೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬಾಗಿಲು ತಟ್ಟಬೇಕು. ಸಂಜೆ ಹಳ್ಳಿಗಳಲ್ಲಿ ದನಗಳ ಮೈತೊಳೆದು ಸಿಂಗರಿಸಿ ಕಿಚ್ಚು ಹಾಯಿಸುತ್ತಾರೆ. ಇಡೀ ಊರು ಬೀದಿಯಲ್ಲಿರುತ್ತದೆ.

ಧನುರ್ಮಾಸ ಈ ನಡಾವಳಿಯ ಅತಿ ಸೂಕ್ಷ್ಮ ಭಾಗ. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ ದೇವಸ್ಥಾನಗಳಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಪೂಜೆ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ತುಪ್ಪದ ಹುಗ್ಗಿಯ ನೈವೇದ್ಯ. ಉದ್ದ ರಾತ್ರಿಯ ಹಸಿವಿನ ಬಗ್ಗೆ ವಾಗ್ಭಟ ಹೇಳಿದ್ದಕ್ಕೆ ಈ ಹುಗ್ಗಿ ನೇರವಾಗಿ ಹೊಂದುತ್ತದೆ. ಇನ್ನೊಂದು ವಿಷಯ ಪಂಚಾಂಗ ನೋಡಿದವರಿಗೆ ಮಾತ್ರ ಕಾಣುತ್ತದೆ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬಂದರೂ, ಸೂರ್ಯ ಹುಟ್ಟುವ ಹೊತ್ತು ಜನವರಿಯ ಕೊನೆಯವರೆಗೂ ತಡವಾಗುತ್ತಲೇ ಹೋಗಿ ಆರೂಮುಕ್ಕಾಲಿನ ಹತ್ತಿರ ಬರುತ್ತದೆ. ಬೆಳಗು ಹೀಗೆ ಮುಂದೆ ಮುಂದೆ ಸರಿಯುವ ದಿನಗಳಲ್ಲಿಯೇ ಜನರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದ ಆಚರಣೆ ಇದು. ಪೂಜೆ ಮುಗಿಸಿ, ದೊನ್ನೆಯಲ್ಲಿ ಬಿಸಿ ಹುಗ್ಗಿ ಹಿಡಿದು ಹೊರಬರುವಾಗ ಮೊದಲ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಬೆಳಕಿನ ಚಿಕಿತ್ಸೆ ಎಂಬ ಮಾತು ಹುಟ್ಟುವ ಮೊದಲೇ ನಡೆದುಬಂದ ಈ ಪದ್ಧತಿಯನ್ನು ಭಕ್ತಿಯ ಲೆಕ್ಕಕ್ಕಷ್ಟೇ ಬರೆದು ಬಿಟ್ಟುಬಿಡುವುದು ಅನ್ಯಾಯ.

ಈಗ ಹೆಬ್ಬಾಳದ ಸುತ್ತ ಅಕ್ಕಡಿ ಸಾಲುಗಳಿಲ್ಲ. ನಾಗವಾರದ ಟೆಕ್ ಪಾರ್ಕು, ಬಳ್ಳಾರಿ ರಸ್ತೆಯ ಮೇಲ್ಸೇತುವೆ, ಯಲಹಂಕದ ಬಡಾವಣೆಗಳು ಬಂದು ಹಗಲಿನ ಬಳಕೆಯೇ ಬದಲಾಗಿದೆ. ಕಚೇರಿಯ ದೀಪ ಸಾಮಾನ್ಯವಾಗಿ ಕೊಡುವುದು 300ರಿಂದ 500 ಲಕ್ಸ್ ಬೆಳಕು. ಬಯಲಿನ ತಿಳಿ ಬೆಳಗು 10,000 ಲಕ್ಸ್ ದಾಟುತ್ತದೆ. ಚಿಕಿತ್ಸೆಯ ದೀಪಗಳಿಗೂ ಇಟ್ಟುಕೊಂಡಿರುವ ಅಳತೆ ಆ 10,000 ಲಕ್ಸೇ, ದಿನಕ್ಕೆ ಅರ್ಧ ಗಂಟೆ. ಅಷ್ಟನ್ನು ಹೆಬ್ಬಾಳದ ಕೆರೆದಂಡೆ ದುಡ್ಡಿಲ್ಲದೆ ಕೊಡುತ್ತದೆ. ವಲಸೆ ಬಾತುಗಳು ಅಲ್ಲಿಗೆ ಇಳಿಯುವುದೂ ಇದೇ ತಿಂಗಳುಗಳಲ್ಲಿ.

ಹಳೆಯ ತಿಳಿವಳಿಕೆಯನ್ನು ಕಾಪಾಡುವ ಕೆಲಸವೂ ನಗರದ ಇದೇ ದಿಕ್ಕಿನಲ್ಲಿ ನಡೆದಿದೆ. ಯಲಹಂಕದ ಬಳಿಯ ಜಾರಕಬಂಡೆ ಕಾವಲಿನಲ್ಲಿ, 1993ರಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧಿ ಸಸ್ಯಗಳನ್ನೂ ಊರೂರಿನ ವೈದ್ಯ ಪರಂಪರೆಗಳನ್ನೂ ದಾಖಲಿಸುತ್ತ ಬಂದು, ಈಗ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. ಆದರೆ ಅವರೆ, ಎಳ್ಳು, ಧನುರ್ಮಾಸಗಳು ಖಿನ್ನತೆಯನ್ನು ತಡೆಯುತ್ತವೆಂದು ಸಾಬೀತಾದ ಮದ್ದುಗಳಲ್ಲ. ಅವು ಮಾಗಿಯ ಜಡಕ್ಕೆ ಒಗ್ಗುವ ಒಳ್ಳೆಯ ರೂಢಿಗಳು. ಎರಡು ವಾರ ಮೀರಿಯೂ ಮನಸ್ಸು ಕುಸಿದೇ ಇದ್ದರೆ, ನಿದ್ದೆ ಊಟಗಳ ಲಯ ತಪ್ಪಿದರೆ, ಬದುಕು ಬೇಡವೆನಿಸಿದರೆ ವೈದ್ಯರ ನೆರವು ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು, ಸಂಖ್ಯೆ 14416.