ನಡುಕಕ್ಕೆ ಹೊಸ ಜೀವಕೋಶ: ಬೆಂಗಳೂರಿನ ಏಳು ಮಂದಿಯ ಕತೆ

ಕಳೆದ ಸಲ ಊರಿಗೆ, ಅಂದ್ರೆ ಎಲ್ಲೂರಿಗೆ ಹೋದಾಗ ವಿಶ್ವೇಶ್ವರ ದೇವಸ್ಥಾನದಲ್ಲಿ ಪರಿಚಯದ ಹಿರಿಯರೊಬ್ಬರು ಸಿಕ್ಕಿದ್ರು. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ತೀರ್ಥ ತಗೊಳ್ಳುವಾಗ ಕೈ ನಡುಗಿ ಅರ್ಧ ಚೆಲ್ಲಿಹೋಯ್ತು. ಹೊರಗೆ ಬಂದ ಮೇಲೆ ಅವರ ಮಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿ ಕೇಳಿದ: "ಅಣ್ಣಾ, ಸ್ಟೆಮ್ ಸೆಲ್ ಹಾಕಿದ್ರೆ ಗುಣ ಆಗ್ತದಂತೆ. ಲಕ್ಷಗಟ್ಟಲೆ ಖರ್ಚು ಉಂಟು. ಜಾಗ ಮಾರುವುದಾ?"

ಅವನಿಗೆ ಉತ್ತರ ಹೇಳ್ಬೇಕು ಅಂತ ಓದುತ್ತಾ ಹೋದಾಗ ಸಿಕ್ಕಿದ ಇತಿಹಾಸ ಇದು.

ಈ ಕಾಯಿಲೆಯಲ್ಲಿ ಮೆದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯ್ತಾ ಹೋಗ್ತವೆ. 1960ರ ದಶಕದಲ್ಲಿ ಬಂದ ಲೆವೊಡೋಪಾ ಔಷಧ ಆ ಕೊರತೆಯನ್ನು ತುಂಬ್ತದೆ. ಆದ್ರೆ ಸತ್ತ ಕೋಶ ವಾಪಸ್ ಬರುವುದಿಲ್ಲ. ಗದ್ದೆಯಲ್ಲಿ ನೇಜಿ ಸತ್ತ ಕಡೆ ಬೇರೆ ನೇಜಿ ನೆಡುವ ಹಾಗೆ, ಮೆದುಳಿಗೂ ಹೊಸ ಕೋಶ ನೆಟ್ಟರೆ ಹೇಗೆ?

1982ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮೊದಲ ಪ್ರಯತ್ನ ಆಯ್ತು. ರೋಗಿಯದ್ದೇ ಅಡ್ರಿನಲ್ ಗ್ರಂಥಿಯ ಅಂಗಾಂಶ ತೆಗೆದು ಮೆದುಳಿಗೆ ಹಾಕಿದ್ರು. ಹೆಚ್ಚೇನೂ ಲಾಭ ಉಳಿಯಲಿಲ್ಲ. 1987ರಿಂದ ಅದೇ ದೇಶದ ಲುಂಡ್‌ನಲ್ಲಿ ಭ್ರೂಣದ ಮೆದುಳಿನ ಕೋಶಗಳ ಕಸಿ ಶುರುವಾಯ್ತು. ಕೆಲವರು ವರ್ಷಗಟ್ಟಲೆ ಸುಧಾರಿಸಿಕೊಂಡ್ರು. ಜಗತ್ತಿಗೇ ಆಸೆ ಹುಟ್ಟಿತು.

2001ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. 40 ರೋಗಿಗಳಲ್ಲಿ ಅರ್ಧ ಜನರಿಗೆ ನಿಜವಾದ ಕಸಿ. ಉಳಿದವರಿಗೆ ತಲೆಬುರುಡೆಯಲ್ಲಿ ತೂತು ಮಾತ್ರ. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿಲ್ಲ. ವರ್ಷದ ನಂತರ "ಹೇಗಿದ್ದೀರಿ?" ಅಂತ ಕೇಳಿದ್ರೆ ಎರಡೂ ಗುಂಪಿನ ಉತ್ತರದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ! ಕಸಿಯಾದ ಕೆಲವರಿಗಂತೂ ಮುಂದೆ ಹಿಡಿತಕ್ಕೆ ಸಿಗದ ಅಂಗಚಲನೆ ಶುರುವಾಯ್ತು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ನರಶಸ್ತ್ರಚಿಕಿತ್ಸಕ ಡಾ. ಎನ್.ಕೆ. ವೆಂಕಟರಮಣ ಅವರ ತಂಡ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 22ರಿಂದ 62 ವರ್ಷದ 7 ರೋಗಿಗಳು. ಅವರವರದ್ದೇ ಅಸ್ಥಿಮಜ್ಜೆಯಿಂದ ಬೆಳೆಸಿದ ಸ್ಟೆಮ್ ಸೆಲ್‌ಗಳನ್ನು ಮೆದುಳಿನ ಒಂದು ಬದಿಗೆ ಹಾಕಿ, 10ರಿಂದ 36 ತಿಂಗಳು ಗಮನಿಸಿದ್ರು. ಗಂಭೀರ ಅಪಾಯ ಆಗಲಿಲ್ಲ. 3 ಮಂದಿಯಲ್ಲಿ ಸ್ಥಿರವಾದ ಸುಧಾರಣೆ ಕಂಡಿತು.

ಜಾಹೀರಾತು ಬರೆಯುವವರು ಇಲ್ಲಿಗೇ ನಿಲ್ಲಿಸ್ತಾರೆ. ಆ ವೈದ್ಯರು ನಿಲ್ಲಿಸಲಿಲ್ಲ. ರೋಗಿಗಳು ಕಡಿಮೆ, ಹೋಲಿಕೆಗೆ ಇನ್ನೊಂದು ಗುಂಪೂ ಇಲ್ಲ, ಹಾಗಾಗಿ ಇದು ಪರಿಣಾಮಕಾರಿ ಅಂತ ಸಾಬೀತಾಗಿಲ್ಲ ಎಂದು ತಾವೇ ಬರೆದರು. ನನಗೆ ಇಡೀ ಇತಿಹಾಸದಲ್ಲಿ ಇಷ್ಟವಾದದ್ದು ಈ ಪ್ರಾಮಾಣಿಕತೆ.

ಹುಡುಕಾಟ ನಿಂತಿಲ್ಲ. 2025ರಲ್ಲಿ ಜಪಾನಿನ ಕ್ಯೋಟೊ ತಂಡ, ಪ್ರಯೋಗಾಲಯದಲ್ಲಿ ತಯಾರಿಸಿದ ಡೋಪಮಿನ್ ಕೋಶಗಳನ್ನು ಕಸಿ ಮಾಡಿದ ವರದಿ ಕೊಟ್ಟಿತು. ಅಲ್ಲೂ 7 ರೋಗಿಗಳೇ! ಭರವಸೆ ಉಂಟು, ಆದ್ರೆ ಅದೂ ಮೊದಲ ಹಂತದ್ದು.

ನಮ್ಮ ದೇಶದ ನಿಯಮ ಏನು? ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಪಾರ್ಕಿನ್ಸನ್‌ಗೆ ಸ್ಟೆಮ್ ಸೆಲ್ ಕೊಡುವುದಾದರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಅದಕ್ಕೆ ರೋಗಿಯಿಂದ ಹಣ ತಗೊಳ್ಳುವ ಹಾಗಿಲ್ಲ.

ಆ ಹುಡುಗನಿಗೆ ಫೋನ್ ಮಾಡಿ ಹೇಳಿದೆ: "ಹಣ ಕೇಳಿದ್ರೆ ಅದು ಪ್ರಯೋಗ ಅಲ್ಲ ಮಾರಾಯ, ವ್ಯಾಪಾರ. ಜಾಗ ಮಾರಬೇಡ. ಅಪ್ಪನಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡು, ಡಾಕ್ಟ್ರ ಹತ್ರ ಕೇಳಿ ವ್ಯಾಯಾಮ ಮಾಡಿಸು."

ಸ್ವಲ್ಪ ಹೊತ್ತು ಅವ ಮಾತಾಡಲಿಲ್ಲ. ಆಮೇಲೆ, "ಅಪ್ಪನಿಗೆ ನೀವೇ ಹೇಳ್ತೀರಾ?" ಅಂದ.

ಮುಂದಿನ ವಾರ ಊರಿಗೆ ಹೋಗ್ತಿದ್ದೇನೆ.